ಹೆಡ್‌ಮೇಡಂ ಮನೆಯ ಪಂಪು ಕೆಡದೇ ಹೋದ ಪ್ರಕರಣ

ಗ್ಯಾರಂಟಿ ಮುಗಿದ ತಿಂಗಳೊಳಗೆ ಬಟ್ಟೆ ಒಗೆಯುವ ಯಂತ್ರವು ತಾನಾಗಿಯೇ ಕೆಡತಕ್ಕದ್ದು ಎಂಬುದು ನಮ್ಮ ಕಂಪನಿಯ ನಿಯಮ. ಕಂಪನಿ ಬೇಕೆಂದೇ ಹಾಳು ಯಂತ್ರ ಮಾಡುತ್ತದೆ ಎಂದು ಜನ ಬಾಯಿಗೆ ಬಂದ ಹಾಗೆ ಮಾತಾಡುತ್ತಾರೆ. ಹಾಳು ಯಂತ್ರವನ್ನು ಯಾರು ಬೇಕಾದರೂ ಮಾಡಬಹುದು. ಗ್ಯಾರಂಟಿ ಇರುವವರೆಗೆ ತೆಪ್ಪಗೆ ಓಡಿ, ಮುಗಿದ ಕೂಡಲೇ ಕೈಕೊಡುವ ಯಂತ್ರ ಮಾಡುವುದಕ್ಕೆ ಓದಿದವರೇ ಬೇಕು. ಅಂಥ ಓದಿದವರು ಕೂರುವ ಜಾಗಕ್ಕೆ ಕೆಡುವಿಕೆ ವಿಭಾಗ ಎಂದು ಹೆಸರು. ನಾನು ಅದರ ಮುಖ್ಯಸ್ಥ.

ಗ್ರಾಹಕರು ದೂರು ಕೊಡುವವರೆಗೆ ಕೈಕಟ್ಟಿ ಕೂರುವುದು ಬೇರೆ ಕಂಪನಿಗಳ ಸೋಮಾರಿತನ. ನಾವು ಯಂತ್ರ ಕೆಡಬೇಕಾದ ದಿನ ಬೆಳಿಗ್ಗೆಯೇ ಮೆಕ್ಯಾನಿಕ್‌ನನ್ನು ಹೊಸ ಪಂಪಿನ ಸಮೇತ ಕಳಿಸಿಬಿಡುತ್ತೇವೆ. ಪಂಪು ಅಂದರೆ ಯಂತ್ರದೊಳಗಿನ ಕೊಳೆ ನೀರನ್ನು ಹೊರಗೆ ತಳ್ಳುವ ಭಾಗ. ಅವನು ಬೆಲ್ ಒತ್ತುವ ಹೊತ್ತಿಗೆ ಒಳಗೆ ನೆಲದ ತುಂಬ ಸೋಪಿನ ನೀರು ಹರಿದು, ಗಂಡ ಹೆಂಡತಿಗೆ ಜಗಳ ಹತ್ತಿರುತ್ತದೆ. ಅವನನ್ನು ಕಂಡು ಇಬ್ಬರಿಗೂ ಹೋದ ಜೀವ ಬಂದಂತಾಗುತ್ತದೆ. ಮೆಕ್ಯಾನಿಕ್‌ಗೆ ನಿಯಮಗಳು ಎರಡೇ. ಗ್ರಾಹಕರು ದೂರು ಕೊಡದೆ ಯಂತ್ರವನ್ನು ಮುಟ್ಟತಕ್ಕದ್ದಲ್ಲ. ಹಳೆಯ ಪಂಪು ಇಲ್ಲದೆ ಕಚೇರಿಗೆ ಮರಳತಕ್ಕದ್ದಲ್ಲ. ಈ ಎರಡು ನಿಯಮಗಳು ಎಂದೂ ಒಂದಕ್ಕೊಂದು ಡಿಕ್ಕಿ ಹೊಡೆದಿರಲಿಲ್ಲ. ಹೊಡೆದದ್ದು ಹೆಡ್‌ಮೇಡಂ ಮನೆಯಲ್ಲಿ.

ಹೆಡ್‌ಮೇಡಂ ಎಂದರೆ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಅವರ ಮನೆಗೆ ಹೋದ ಮೆಕ್ಯಾನಿಕ್ ಬಹಳ ವರ್ಷಗಳಿಂದ ಹಂಗಾಮಿಯಾಗಿ ದುಡಿಯುತ್ತಿದ್ದ, ಒಳ್ಳೆಯ ಮನುಷ್ಯ. ಇನ್ನೊಂದೇ ಒಂದು ಹಳೆಯ ಪಂಪು ಗೋದಾಮಿಗೆ ಒಪ್ಪಿಸಿದರೆ ಕಾಯಂ ಆಗುವವನಿದ್ದ. "ಈ ಸಲ ಕಾಯಂ ಆಗ್ದೆ ಮನೆ ಕಡೆ ತಲೆ ಹಾಕ್ಬೇಡಿ" ಎಂದು ಹೆಂಡತಿ ಹೇಳಿ ಕಳಿಸಿದ್ದಳು.

"ಅಮ್ಮಾ, ವಾಷಿಂಗ್ ಮಷೀನ್ ರಿಪೇರಿಗೆ ಬಂದಿದೀನಿ" ಎಂದ ಬಾಗಿಲಲ್ಲಿ ನಿಂತು.

"ಕೆಟ್ಟೇ ಇಲ್ವಲ್ಲಪ್ಪಾ."

"ಇವತ್ತು ಕೆಡತ್ತೆ."

"ಯಾರು ಹೇಳಿದ್ದು?"

"ಆಫೀಸಲ್ಲಿ."

ಹೆಡ್‌ಮೇಡಂ ಶಿಸ್ತಿನವರು. ಆಫೀಸು ಎಂದ ಮೇಲೆ ಮರುಮಾತಾಡುವವರಲ್ಲ. "ಹಾಗಾದ್ರೆ ಬಾ, ಕೂತ್ಕೋ. ಬಾಗಿಲು ಎಳ್ಕೋ, ಸೊಳ್ಳೆ ಬರತ್ತೆ" ಎಂದು ಒಂದು ಸ್ಟೂಲು ತಂದು ಯಂತ್ರದ ಎದುರಿಗೆ ಹಾಕಿದರು.

ಅಂದು ಯಂತ್ರ ಕೆಡಲಿಲ್ಲ. ಮಾರನೆಯ ದಿನವೂ ಕೆಡಲಿಲ್ಲ. ಮೆಕ್ಯಾನಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಡ್ರಮ್ಮು ತಿರುಗುವುದನ್ನೇ ನೋಡುತ್ತ ಕೂತ. ಗೃಹಿಣಿಯರು ಹಾಲು ಉಕ್ಕುವುದನ್ನು ಕಾಯುವ ಹಾಗೆ ಕಾದ. ಮನೆಗೂ ಹೋಗುವಂತಿಲ್ಲ, ಕಚೇರಿಗೂ ಬರುವಂತಿಲ್ಲ. ರಾತ್ರಿ ಸೋಫಾದ ಮೇಲೆ ಮಲಗಿದ. ಬ್ಯಾಂಕಿನಿಂದ ಸಂಜೆ ಬರುವ ಮೇಡಂ ಗಂಡನಿಗೆ ಕೇರಂ ಆಡಲು ಜೊತೆ ಸಿಕ್ಕಂತಾಯಿತು. ಅವರಿಗೂ ಯಂತ್ರ ಕೆಡಬೇಕೆಂಬ ಆಸೆ ಇತ್ತು. ಪಕ್ಕದ ಮನೆಯವರ ಹಾಗೆ ಗಾಜಿನ ಬಾಗಿಲಿನ ಹೊಸ ಯಂತ್ರ ತರಬೇಕೆಂದು ಅವರು ಬಹಳ ದಿನಗಳಿಂದ ಬಾಯಿ ಬಾಯಿ ಬಿಡುತ್ತಿದ್ದರು.

"ಸಾರ್, ಕೆಡ್ತಾನೇ ಇಲ್ಲ" ಎಂದ ಮೆಕ್ಯಾನಿಕ್ ಒಂದು ದಿನ ಫೋನಿನಲ್ಲಿ. ಅಳುವುದೊಂದು ಬಾಕಿ. ನನಗೂ ಕರುಳು ಚುರ್ರೆಂದಿತು. ನಾನೇ ಖುದ್ದಾಗಿ ಸ್ಥಳ ಪರಿಶೀಲನೆಗೆ ಹೊರಟೆ.

ಯಂತ್ರದ ಮೇಲಿನ ಗೂಡಿನಲ್ಲಿ, ನೀಟಾಗಿ ಬೈಂಡು ಹಾಕಿದ ಒಂದು ಪುಸ್ತಕ ಕಣ್ಣಿಗೆ ಬಿತ್ತು. ತೆಗೆದು ನೋಡಿದರೆ ನಮ್ಮದೇ ಕೈಪಿಡಿ! ನನ್ನ ಇಡೀ ಸೇವೆಯಲ್ಲಿ ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬಂದ ಕೈಪಿಡಿಯನ್ನು ನೋಡಿದ್ದು ಅದೇ ಮೊದಲು. ಒಳಗೆ ಸಾಲು ಸಾಲಿಗೂ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

"ಮೇಡಂ, ಇದನ್ನ... ಓದಿದೀರಾ?" ಎಂದೆ.

"ಓದದೆ ಮತ್ತೆ? ಪ್ರತಿ ಸಲ ಒಗೆದ ಮೇಲೆ ಕಸ ಹಿಡಿಯೋ ಜಾಲರಿ ತೊಳೀಬೇಕು ಅಂತ ನೀವೇ ಬರೆದಿದೀರಿ, ತೊಳೀತೀನಿ. ಬಟ್ಟೆ ತುರುಕಬಾರ್ದು ಅಂತ ಬರೆದಿದೀರಿ, ತುರುಕಲ್ಲ. ಜೇಬು ನೋಡಿ ಹಾಕ್ಬೇಕು ಅಂತ ಬರೆದಿದೀರಿ, ನೋಡಿ ಹಾಕ್ತೀನಿ."

"ಬರೆದಿದೀವಿ ಮೇಡಂ. ಆದ್ರೆ ಯಾರಾದ್ರೂ ಓದ್ಲಿ ಅಂತ ಬರೆದಿದ್ದಲ್ಲ."

"ಮತ್ಯಾಕೆ ಬರೆದ್ರಿ?"

"ಬರೀಬೇಕು ಅಂತ ನಿಯಮ ಇದೆ."

"ಹಾಗೆ ಹೇಳಿ" ಎಂದು ಅವರು ಸಮಾಧಾನವಾಗಿ ತಲೆದೂಗಿದರು.

ಈಗ ಎಲ್ಲ ಸ್ಪಷ್ಟವಾಯಿತು. ಜಾಲರಿಯನ್ನು ಯಾರೂ ತೊಳೆಯುವುದಿಲ್ಲ, ಅದು ಕಟ್ಟಿಕೊಂಡು ಪಂಪು ಕೆಡುತ್ತದೆ ಎಂಬ ಭರವಸೆಯ ಮೇಲೆ ನಮ್ಮ ಪಂಪಿನ ವಿನ್ಯಾಸವೇ ನಿಂತಿದೆ. ಆ ಮಹಾತಾಯಿ ನಮ್ಮ ವಿಜ್ಞಾನದ ಬುಡಕ್ಕೇ ಕೊಡಲಿ ಹಾಕಿದ್ದರು.

ಮೆಕ್ಯಾನಿಕ್ ಕೈಮುಗಿದು ನಿಂತ. "ಅಮ್ಮಾ, ನಿಮ್ಮ ದಮ್ಮಯ್ಯ, ಈ ಒಂದು ವಾರ ಜಾಲರಿ ತೊಳೀಬೇಡಿ. ನನ್ನ ಸಂಸಾರ ಉಳಿಯತ್ತೆ."

"ಶಾಲೇಲಿ ಮಕ್ಕಳಿಗೆ ಒಂದು ಹೇಳಿ ಮನೇಲಿ ಇನ್ನೊಂದು ಮಾಡ್ಲೇನಪ್ಪಾ? ಆಗಲ್ಲ" ಎಂದರು ಹೆಡ್‌ಮೇಡಂ. ಇದೇ ವೇಳೆ ಅವರ ಗಂಡ ಹೆಂಡತಿಗೆ ಕಾಣದ ಹಾಗೆ ತಮ್ಮ ಅಂಗಿಯ ಜೇಬಿಗೆ ಎರಡು ಮೊಳೆ ಹಾಕಿ ಒಗೆಯುವ ಬುಟ್ಟಿಗೆ ಬಿಟ್ಟರು. ಮೇಡಂ ಜೇಬು ತಡಕಿ ಮೊಳೆ ಹೊರಗೆ ತೆಗೆದು, ನಮ್ಮೆದುರಿಗೇ ಅವರಿಗೆ ಗ್ರಹಚಾರ ಬಿಡಿಸಿದರು.

ಕಂಪನಿಯಲ್ಲಿ ತುರ್ತು ಸಭೆ ಕೂಡಿತು. ಯಂತ್ರವನ್ನು ಸನ್ಮಾನಿಸಿ ಅದರ ಮನಸ್ಸು ಕರಗಿಸೋಣ ಎಂದು ಪ್ರಚಾರ ವಿಭಾಗದವರು ಸೂಚಿಸಿದರು. ಹೆಡ್‌ಮೇಡಂ ಶಾಲೆಗೆ ಹೋದಾಗ ನುಗ್ಗಿ ಜಾಲರಿಯಲ್ಲಿ ನೂಲು ತುರುಕೋಣ ಎಂದರು ವಿನ್ಯಾಸ ವಿಭಾಗದವರು. ಅದು ಕೆಡಿಸಿದಂತಾಗುತ್ತದೆ, ನಾವು ಅಂಥವರಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಕಡೆಗೆ ಉಪಾಯ ಹೊಳೆದದ್ದು ನನಗೇ. ಹೊಗಳಿಕೊಂಡಂತಾಗಬಾರದು, ಆದರೆ ಹೊಳೆದದ್ದು ನನಗೇ. ಪುಸ್ತಕ ಹೇಳಿದ್ದನ್ನೆಲ್ಲ ಮಾಡುವವರಿಗೆ ಪುಸ್ತಕದಿಂದಲೇ ಹೇಳಿಸಬೇಕು. ಮರುದಿನವೇ ಈ ಕೆಳಗಿನ ತಿದ್ದುಪಡಿ ಹೊರಬಿತ್ತು:

"ಗೌರವಾನ್ವಿತ ಗ್ರಾಹಕರ ಗಮನಕ್ಕೆ. ಕೈಪಿಡಿಯಲ್ಲಿ 'ಈ ಯಂತ್ರವು ದೀರ್ಘಕಾಲ ಬಾಳುತ್ತದೆ' ಎಂದಿರುವ ಕಡೆಯಲ್ಲಿ 'ಇದನ್ನು ಓದಿದ ಮಾರನೆಯ ಬೆಳಿಗ್ಗೆ ಯಂತ್ರದ ಪಂಪು ಕೆಟ್ಟಿದೆ ಎಂದು ತಿಳಿಯತಕ್ಕದ್ದು' ಎಂದು ಓದಿಕೊಳ್ಳತಕ್ಕದ್ದು. ಕೆಟ್ಟ ಪಂಪು ಓಡುತ್ತಿರುವುದು ಕಂಡುಬಂದಲ್ಲಿ ಗಾಬರಿಯಾಗತಕ್ಕದ್ದಲ್ಲ. ಕೂಡಲೇ ದೂರು ಸಲ್ಲಿಸತಕ್ಕದ್ದು."

ಹೆಡ್‌ಮೇಡಂ ಅದನ್ನು ಎರಡು ಸಲ ಓದಿ, ಸರಿಯಾದ ಪುಟದಲ್ಲಿ ಅಂಟು ಹಚ್ಚಿ ಅಂಟಿಸಿದರು. ಮಾರನೆಯ ಬೆಳಿಗ್ಗೆ ಕಚೇರಿಯ ಫೋನು ಹೊಡೆದುಕೊಂಡಿತು.

"ನಮ್ಮ ಮಷೀನಿನ ಪಂಪು ಕೆಟ್ಟಿದೆ. ಆದ್ರೂ ಓಡ್ತಾ ಇದೆ. ಯಾರನ್ನಾದ್ರೂ ಕಳ್ಸಿ."

"ಮೆಕ್ಯಾನಿಕ್ ಅಲ್ಲೇ ಇರಬೇಕಲ್ಲ ಮೇಡಂ?"

"ಇದಾನೆ. ಇಲ್ಲೇ ಕಾಫಿ ಕುಡೀತಿದಾನೆ. ಆದ್ರೂ ನಿಮ್ಮ ಕಡೆಯಿಂದ ಕಳ್ಸಿದ ಹಾಗೆ ಆಗ್ಬೇಕಲ್ಲ."

ಅವರ ಶಿಸ್ತಿಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. ಫೋನಿನ ಮೂಲಕ ಮೆಕ್ಯಾನಿಕ್‌ನನ್ನು ವಿಧಿವತ್ತಾಗಿ ಕಳಿಸಿದೆ. ಅವನು ಲೋಟ ಕೆಳಗಿಟ್ಟು ನಾಲ್ಕು ಹೆಜ್ಜೆ ನಡೆದು ಸ್ಥಳ ತಲುಪಿದ. ಲಕಲಕ ಹೊಳೆಯುತ್ತಿದ್ದ ಹಳೆಯ ಪಂಪನ್ನು ಬಿಚ್ಚಿ ಎದೆಗವಚಿಕೊಂಡು, ಚೀಲದಲ್ಲಿದ್ದ ಹೊಸದನ್ನು ಕೂರಿಸಿದ. ಬದಲಿ ಪಂಪಿಗೆ ಗ್ಯಾರಂಟಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ಅದು ಓಡಲೇಬೇಕೆಂಬ ಕಟ್ಟುಪಾಡೂ ಇಲ್ಲ. ಸ್ವಿಚ್ಚು ಹಾಕಿದರೆ ಯಂತ್ರ ಒಮ್ಮೆ ನರಳಿ, ನೀರನ್ನೆಲ್ಲ ಹೊಟ್ಟೆಯಲ್ಲೇ ಇಟ್ಟುಕೊಂಡು ನಿಂತುಬಿಟ್ಟಿತು.

"ಸರಿ ಆಯ್ತಾ ಅಮ್ಮಾ?" ಎಂದ ಅಳುಕುತ್ತ.

ಹೆಡ್‌ಮೇಡಂ ಒಮ್ಮೆ ಯಂತ್ರ ನೋಡಿದರು, ಒಮ್ಮೆ ಪುಸ್ತಕ ನೋಡಿದರು. "ಹೂಂ, ಸರಿ ಆಯ್ತು. ಈಗ ಪುಸ್ತಕದಲ್ಲಿ ಇದ್ದ ಹಾಗೇ ಇದೆ" ಎಂದು ಸೇವೆ ತೃಪ್ತಿಕರ ಎಂದು ಸಹಿ ಮಾಡಿಕೊಟ್ಟರು.

ಮೆಕ್ಯಾನಿಕ್ ಅಂದೇ ಕಾಯಂ ಆದ. ಹೊಸ ಯಂತ್ರದ ಕನಸು ಕಾಣುತ್ತಿದ್ದ ಗಂಡನಿಗೆ ಮಾತ್ರ ನಿರಾಸೆ ಕಾದಿತ್ತು. ಕೆಟ್ಟರೆ ದೂರು ಕೊಡಿ ಎಂದು ಪುಸ್ತಕದಲ್ಲಿದೆಯೇ ಹೊರತು ಹೊಸದು ತನ್ನಿ ಎಂದಿಲ್ಲ ಎಂದು ಹೆಡ್‌ಮೇಡಂ ಬಚ್ಚಲಲ್ಲಿ ಬಟ್ಟೆ ನೆನೆಹಾಕಿದರು. ಅವರೊಬ್ಬರೇ ಚಾದರ ಹಿಂಡುವುದನ್ನು ನೋಡಲಾರದೆ ಮೆಕ್ಯಾನಿಕ್ ಇನ್ನೊಂದು ತುದಿ ಹಿಡಿದ. ಉಪ್ಪು ತಿಂದ ಮನೆಯಲ್ಲವೇ! ಅಂದಿನಿಂದ ರಜೆಯ ದಿನಗಳಲ್ಲೂ ಹೋಗಿ ಒಗೆದುಕೊಟ್ಟು ಬರತೊಡಗಿದ.

ವಿಷಯ ಪ್ರಚಾರ ವಿಭಾಗದ ಕಿವಿಗೆ ಬಿತ್ತು. ಕರೆಂಟು ಬೇಡದ, ಸದ್ದು ಮಾಡದ, ಜಾಲರಿಯೇ ಇಲ್ಲದ ಹೊಸ ಮಾದರಿ ಎಂದು ಅವರು ಮೆಕ್ಯಾನಿಕ್‌ನ ಬಗ್ಗೆಯೇ ಊರ ತುಂಬ ಜಾಹೀರಾತು ಹಾಕಿದರು. ಜನ ಮುಗಿಬಿದ್ದರು. ಪಂಪು ಕೆಟ್ಟು ನಿಂತ ಪ್ರತಿಯೊಂದು ಮನೆಗೂ ಈಗ ಒಬ್ಬ ಮೆಕ್ಯಾನಿಕ್ ಹೋಗಿ ಬಟ್ಟೆ ಒಗೆಯುತ್ತಾನೆ. ಹೆಡ್‌ಮೇಡಂ ಗಂಡನಿಗೂ ಹೊಸ ಮಾದರಿ ಮನೆಗೆ ಬಂದ ಖುಷಿ. ಪಕ್ಕದ ಮನೆಯವರನ್ನು ಕರೆದು ತೋರಿಸುತ್ತಾರೆ.

ಮಾರಾಟಕ್ಕೆ ಬಂದ ಮೇಲೆ ಆಯುಷ್ಯ ನಿಗದಿಯಾಗಲೇಬೇಕು. ನಮ್ಮ ವಿಭಾಗ ಮೆಕ್ಯಾನಿಕ್‌ನ ಬಲ ಮೊಣಕೈಯನ್ನು ಕೂಲಂಕಷವಾಗಿ ಪರೀಕ್ಷಿಸಿ, ಐದು ವರ್ಷ ಬಾಳುತ್ತದೆಂದು ತೀರ್ಮಾನಿಸಿತು. ಅವನನ್ನು ಕರೆದು ತಿಳಿಸಿದೆ.

"ಐದು ವರ್ಷ ಗ್ಯಾರಂಟಿನಾ ಸಾರ್?"

"ಗ್ಯಾರಂಟಿ."

ಅವನ ಕಣ್ಣಲ್ಲಿ ನೀರೇ ಬಂತು. ಹೊರಗೆ ಹೋಗಿ ಹೆಂಡತಿಗೆ ಫೋನು ಮಾಡಿ ಹೇಳಿದ. ಅವಳಿಗೂ ತುಂಬ ಸಮಾಧಾನವಾಯಿತಂತೆ. ಮೊನ್ನೆ ತಂದ ಇಸ್ತ್ರಿಪೆಟ್ಟಿಗೆಗೆ ಅಂಗಡಿಯವನು ಒಂದೇ ವರ್ಷ ಗ್ಯಾರಂಟಿ ಕೊಟ್ಟಿದ್ದನಂತೆ.