ಪಂಚಾಕ್ಷರಿ ಮೇಷ್ಟ್ರ ದಡ್ಡಾವತಾರ

ಓ ಪ್ರಶ್ನಪತ್ರಿಕಾಗರ್ಭವಾಸಿನಿಯೇ, ಅಂಕಭಿಕ್ಷಾಪ್ರದಾಯಿನಿಯೇ, ಅರ್ಧ ಗಳಿಗೆ ನನ್ನ ನಾಲಿಗೆಯ ಮೇಲೆ ಕೂತು ಹೋಗು! ಬೇವು ಚಿಗುರಿ, ಮಾವು ಮಿಡಿಗಟ್ಟಿ, ಎಸ್ಸೆಸ್ಸೆಲ್ಸಿ ಮಕ್ಕಳ ಮುಖ ಮಾತ್ರ ಬಾಡುವ ಘೋರ ಮಾರ್ಚ್ ಮಾಸದಲ್ಲಿ, ಅರಸೀಕೆರೆಯೆಂಬ ರೈಲುಸಂಗಮಕ್ಷೇತ್ರದಲ್ಲಿ, ಸೀಮೆಸುಣ್ಣಧೂಳಿಧೂಸರಿತಮಸ್ತಕರೂ ಏಕೋನವಿಂಶತಿವರ್ಷಟ್ಯೂಷನ್‌ವ್ರತಧಾರಿಗಳೂ ಆದ ಪಂಚಾಕ್ಷರಿ ಮೇಷ್ಟ್ರು ಹೂಡಿದ ಸಮರವನ್ನು ಹೇಳುತ್ತೇನೆ. ಆಕಳಿಸದೆ ಕೇಳಿ.

ಸಮರಕ್ಕೆ ಕಾರಣ ಇಂಚರ. ರೈಲ್ವೆ ಗ್ಯಾಂಗ್‌ಮನ್ ರಂಗಪ್ಪನ ಮಗಳು. ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ಹನ್ನೊಂದು ಅಂಕ ತೆಗೆದು, “ನಾನು ಪರೀಕ್ಷೆಗೇ ಕೂರಲ್ಲ” ಎಂದು ಪುಸ್ತಕವನ್ನು ಅಟ್ಟಕ್ಕೆ ಎಸೆದಿದ್ದಳು. ಉಳಿದದ್ದು ಎರಡೇ ದಿನ. ರಂಗಪ್ಪ ಅಟ್ಟದಿಂದ ಪುಸ್ತಕ ಇಳಿಸಿ, ಮಗಳನ್ನೂ ಪುಸ್ತಕವನ್ನೂ ಮೇಷ್ಟ್ರ ಮನೆಗೆ ತಂದು ಬಿಟ್ಟುಹೋಗಿದ್ದ. ಹುಡುಗಿ ಕೂತರೆ ಪಾಸಾದಾಳು, ಕೂರದಿದ್ದರೆ ಓದಿಗೇ ಎಳ್ಳುನೀರು ಎಂದು ಮೇಷ್ಟ್ರಿಗೆ ನಿಜವಾಗಿಯೂ ಸಂಕಟವಾಗಿತ್ತು.

ಅನ್ಯ ಟ್ಯೂಷನ್‌ವೀರರು ಓದಿದ್ದನ್ನೇ ಓದಿಸಿ ಮಕ್ಕಳನ್ನು ಅರೆಯುತ್ತಾರೆ. ನಮ್ಮ ಮೇಷ್ಟ್ರ ಪುನರಾವರ್ತನಾಸ್ತ್ರವೇ ಬೇರೆ. ಕುರ್ಚಿ, ಸ್ಕೇಲು, ಸೀಮೆಸುಣ್ಣವೆಂಬ ರಾಜಲಾಂಛನಗಳನ್ನು ಶಿಷ್ಯೆಗೆ ಒಪ್ಪಿಸಿ, ತಾವು ಪಂಚೆ ಮಡಿಸಿ ಚಾಪೆಯ ಮೇಲೆ ಕೂತು ಗರ್ಜಿಸಿದರು:

“ಎಲೈ ಗುರುವೇ! ನಾನು ದಡ್ಡಶಿಖಾಮಣಿ, ಮೂಢಕುಲಚಕ್ರವರ್ತಿ! ಥೇಲ್ಸ್ ಪ್ರಮೇಯವನ್ನು ಈ ವಜ್ರಕಪಾಲದೊಳಗೆ ತುರುಕಬಲ್ಲ ವೀರರು ಹದಿನಾಲ್ಕು ಲೋಕಗಳಲ್ಲಿ ಇನ್ನೂ ಹುಟ್ಟಿಲ್ಲ!”

“ತಮಾಷೆ ಮಾಡ್ಬೇಡಿ ಸಾರ್.”

“ಸಾರ್ ಅಲ್ಲ ಮಿಸ್. ಪಂಚಾಕ್ಷರಿ, ಲಾಸ್ಟ್ ಬೆಂಚು.”

ಇಂಚರ ನಗು ತಡೆದು ತ್ರಿಭುಜ ಬರೆದಳು. ಒಳಗೆ ತಳಕ್ಕೆ ಸಮಾಂತರವಾಗಿ ಒಂದು ಗೆರೆ. ಆ ಗೆರೆಯನ್ನೇ ಪಾದ ಮಾಡಿಕೊಂಡು ಎರಡು ಪುಟ್ಟ ತ್ರಿಭುಜ. “ಇವೆರಡರ ವಿಸ್ತೀರ್ಣ ಸಮ” ಎಂದು ಬಾಯಿಪಾಠದ ಬಾಣ ಬಿಟ್ಟಳು.

“ಯಾಕೆ ಮಿಸ್?”

“ಪುಸ್ತಕದಲ್ಲಿ ಹಂಗೇ ಐತೆ.”

“ಯಾಕೆ ಮಿಸ್?”

ಪ್ರತಿಸಲವೂ ಅವಳು ಬೀಳುತ್ತಿದ್ದದ್ದು ಇದೇ ಹಳ್ಳಕ್ಕೆ. ಕಣ್ಣು ತುಂಬಿತು. ಮೇಷ್ಟ್ರು ಮಾತ್ರ ಕೋಲೆಬಸವನ ಹಾಗೆ ತಲೆಯಾಡಿಸುತ್ತ ಮೂರನೆಯ ಸಲವೂ ಅದನ್ನೇ ಕೇಳಿದರು. ಆಗ ಹುಡುಗಿಗೆ ಅಳುವಿನ ಬದಲು ಸಿಟ್ಟು ಬಂತು.

“ಅಯ್ಯೋ, ಇಷ್ಟೂ ಗೊತ್ತಾಗಲ್ವಾ? ಈ ಎರಡು ಗೆರೆ ರೈಲು ಕಂಬಿ ಅನ್ಕಳಿ! ಎರಡಕ್ಕೂ ಪಾದ ಈ ಕಂಬಿ ಮೇಲೆ, ಮೂತಿ ಆ ಕಂಬಿ ಮೇಲೆ. ಕಂಬಿ ನಡುವಿನ ಅಂತರ ಎಲ್ಲಿ ಅಳೆದ್ರೂ ಒಂದೇ, ನಮ್ಮಪ್ಪ ದಿನಾ ಅಳೆಯೋದು ಅದನ್ನೇ! ಪಾದಾನೂ ಒಂದೇ, ಎತ್ತರಾನೂ ಒಂದೇ, ಇನ್ನು ವಿಸ್ತೀರ್ಣ ಬೇರೆ ಹೆಂಗಾಗುತ್ತೆ?”

ಹೇಳಿದವಳೇ ಬೋರ್ಡನ್ನು ನೋಡುತ್ತ ನಿಂತಳು. ಮೇಷ್ಟ್ರ ಎದೆ ತುಂಬಿ ಬಂತು. ಅಲ್ಲಿಗೇ ಏಳಬಹುದಿತ್ತು. ಆದರೆ ವೇಷ ಹಾಕಿದ ಮೇಲೆ ಕುಣಿಯದೆ ಬಿಟ್ಟಾರೆಯೇ? “ಅರ್ಥ ಆಗ್ಲಿಲ್ಲ ಮಿಸ್” ಎಂದರು. ಅವಳು ಮತ್ತೆ ಹೇಳಿದಳು, ತಡವರಿಸದೆ. “ಇನ್ನೊಂದ್ಸಲ ಮಿಸ್.” ಮತ್ತೆ ಹೇಳಿದಳು, ಬೋರ್ಡು ನೋಡದೆ. “ಇನ್ನೊಂದೇ ಒಂದ್ಸಲ—”

ಸ್ಕೇಲು ಮೇಜಿಗೆ ಫಟೀರನೆ ಬಡಿಯಿತು.

“ನಾಳೆ ಹತ್ತು ಸಲ ಬರ್ಕೊಂಡು ಬನ್ನಿ! ನಾಳಿದ್ದು ಪರೀಕ್ಷೆ ಐತೆ ನಂಗೆ. ನಿಮ್ಮೊಬ್ರಿಗೇ ಹೇಳ್ಕಂಡು ಕೂರಕ್ಕಾಗಲ್ಲ!”

ಪರೀಕ್ಷೆ ಐತೆ ನಂಗೆ! ಚಾಪೆಯ ಮೇಲಿದ್ದ ಮಹಾವೀರರ ಕಿವಿಗೆ ಅದು ದೇವದುಂದುಭಿಯಾಗಿ ಕೇಳಿಸಿತು. ಅವಳು ಪುಸ್ತಕ ಎದೆಗವಚಿಕೊಂಡು ಹೊರಟುಹೋದಳು.

ಹೀಗೆ ತ್ರಿಲೋಕಭಯಂಕರವಾದ ಆ ನಾಲ್ಕು ಅಂಕದ ಪ್ರಮೇಯ ನೆಲಕಚ್ಚಿತು. ವಿಜಯಿಗಳು ನಡುಮನೆಯಲ್ಲಿ ಬೋರಲು ಮಲಗಿ ನೋಟುಪುಸ್ತಕ ತೆರೆದರು. ಅಕ್ಕಿ ಆರಿಸುತ್ತಿದ್ದ ತಾಯಿ ಸಿದ್ದಲಿಂಗಮ್ಮ ಇಣುಕಿದರು.

“ಏನೋ ಬರೀತಿದ್ದೀಯ?”

“ಇಂಪೊಸಿಷನ್ ಕಣವ್ವ.”

“ಐವತ್ತಾದ್ರೂ ಬುದ್ಧಿ ಬರ್ಲಿಲ್ಲ ನಿಂಗೆ. ಅಕ್ಷರನಾದ್ರೂ ದುಂಡಗೆ ಬರಿ.”