ನೆರಿಯದ ಗುಡ್ಡ ಹತ್ತಿದ ದೋಣಿಯ ಬಗ್ಗೆ

ಸಂಖ್ಯೆ: ಶೀಟ್/ಕಾಲಂ-3/17/ಮಳೆಗಾಲ

ವಿಷಯ: ಸ್ಪ್ರೆಡ್‌ಶೀಟ್ ಎಂದರೇನು ಮತ್ತು ಅದನ್ನು ದಿನನಿತ್ಯ ನಂಬುವ ಕ್ರಮದ ಕುರಿತು.

ಉಲ್ಲೇಖ: (1) ಬಂಟ್ವಾಳದ ಹೊಳೆಬದಿಯ ಬೀಬಿಯವರ ದೂರು. (2) ದ್ವಿತೀಯ ದರ್ಜೆ ಸಹಾಯಕಿ ವಿನೋದಾ ಇವರ ಸಮಜಾಯಿಷಿ.

1. ಸ್ಪ್ರೆಡ್‌ಶೀಟ್ ಎಂದರೆ ಸಾಲು ಮತ್ತು ಕಾಲಂಗಳುಳ್ಳ ಸತ್ಯ ಎಂದು ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸಲಾಗಿದೆ. ಶೀಟಿಗೂ ಊರಿಗೂ ವ್ಯತ್ಯಾಸ ಕಂಡುಬಂದಲ್ಲಿ ಊರನ್ನು ತಿದ್ದತಕ್ಕದ್ದು.

2. ಮಳೆಗಾಲದ ಸಾಮಗ್ರಿ ಪಟ್ಟಿಯಲ್ಲಿ ನೆರಿಯದ ಕಾಡಂಚಿನ ಡೊಂಬಯ್ಯನವರಿಗೆ ಆನೆ ಓಡಿಸುವ ಪಟಾಕಿ, ಬೀಬಿಯವರಿಗೆ ದೋಣಿ ಎಂದು ಇತ್ತು. ಕೆಳಸಹಿದಾರರು ಅಂದಕ್ಕಾಗಿ ಸಾಮಗ್ರಿಯ ಕಾಲಂ ಒಂದನ್ನೇ ಅಕಾರಾದಿಯಾಗಿ ಜೋಡಿಸಿದರು; ಹೆಸರಿನ ಕಾಲಂ ಇದ್ದಂತೆಯೇ ಉಳಿಯಿತು. ತತ್ಪರಿಣಾಮವಾಗಿ ದೋಣಿ ಗುಡ್ಡ ಹತ್ತಿತು, ಪಟಾಕಿ ಹೊಳೆಬದಿಗೆ ಇಳಿಯಿತು. ಇದನ್ನು ತಪ್ಪು ಎನ್ನಕೂಡದು.

3. ಬೀಬಿಯವರು ದೂರವಾಣಿಯಲ್ಲಿ, "ನೀರು ಮೂರನೇ ಮೆಟ್ಟಿಲಿಗೆ ಬಂದುಂಟು ಮಾರಾಯ್ತಿ, ಪಟಾಕಿ ಹೊಡೆದರೆ ಹೊಳೆ ಹೆದರ್ತದಾ?" ಎಂದು ವಿನೋದಾ ಅವರನ್ನು ಕೇಳಿರುತ್ತಾರೆ. ಹೊಳೆ ಹೆದರುವ ಬಗ್ಗೆ ಶೀಟಿನಲ್ಲಿ ಕಾಲಂ ಇಲ್ಲದ ಕಾರಣ ಸದರಿ ಪ್ರಶ್ನೆಯನ್ನು ವಿಲೇವಾರಿ ಮಾಡಲಾಗಿದೆ.

4. ಡೊಂಬಯ್ಯನವರು ವಿನೋದಾ ಅವರಿಗೆ ಕರೆ ಮಾಡಿ, "ಅಕ್ಕ, ದೋಣಿ ಅಂಗಳದಲ್ಲಿ ಉಂಟು. ಆನೆ ಬಂದು ಅದರಲ್ಲಿ ನಿಂತ ಮಳೆನೀರು ಕುಡಿದು ಹೋಯ್ತು" ಎಂದಿರುತ್ತಾರೆ. ಆನೆಯನ್ನು ಫಲಾನುಭವಿಗಳ ಪಟ್ಟಿಗೆ ಸೇರಿಸಲಾಗಿದೆ.

5. ಶೀಟ್ ತಿದ್ದಲು ಪಾಸ್‌ವರ್ಡ್ ಬೇಕು. ಅದು ಕೆಳಸಹಿದಾರರ ಬಳಿ ಮಾತ್ರ ಇದ್ದು, ಅವರು ಮೂಡುಬಿದಿರೆಯಲ್ಲಿ ಮದುವೆ ಊಟಕ್ಕೆ ಕುಳಿತಿದ್ದರು. ಪಾಯಸಕ್ಕೆ ಮುಂಚೆ ಏಳುವುದು ಮನೆಯವರಿಗೆ ಅಗೌರವವಾದುದರಿಂದ ನದಿ ಕಾಯಬೇಕಿತ್ತು.

6. ನದಿ ಕಾಯಲಿಲ್ಲ. ಅದೂ ಶೀಟಿನಲ್ಲಿ ನಮೂದಾಗಿಲ್ಲ. ವಿನೋದಾ ಅವರು ಡ್ರಾಯರಿನಿಂದ ನೋಟುಪುಸ್ತಕ ತೆಗೆದು, ಮೇ ತಿಂಗಳಲ್ಲಿ ತಾವೇ ಬರೆದಿಟ್ಟ ಪಟ್ಟಿ ನೋಡಿ, "ನಾಳೆ ಬೈದರೆ ಬೈಸಿಕೊಳ್ತೇನೆ, ದೋಣಿ ಈಗಲೇ ತರಿಸುವ" ಎಂದು ನೆರಿಯಕ್ಕೆ ಪಿಕಪ್ ಕಳುಹಿಸಿದರು. ದೋಣಿ ಬರುವಾಗ ನೀರು ಹೊಸ್ತಿಲು ದಾಟಿತ್ತು. ಬೀಬಿ ಮತ್ತು ಮನೆಯ ಐವರು ಸುರಕ್ಷಿತವಾಗಿ ಆಚೆ ಸೇರಿರುತ್ತಾರೆ.

7. ಶೀಟಿನ ಪ್ರಕಾರ ದೋಣಿ ಇಂದಿಗೂ ನೆರಿಯದಲ್ಲಿದೆ. ಆದ್ದರಿಂದ ಸದರಿ ಆರು ಮಂದಿ ದಾಟಿಲ್ಲವೆಂದೇ ಭಾವಿಸತಕ್ಕದ್ದು. ಅವರು ದಾರಿಯಲ್ಲಿ ಎದುರಾದಲ್ಲಿ ಮಾತನಾಡಿಸಬಹುದು, ಗಣನೆಗೆ ತೆಗೆದುಕೊಳ್ಳಬಾರದು.

8. ಅನುಮತಿಯಿಲ್ಲದೆ ಕಾಗದವನ್ನು ನಂಬಿದ್ದಕ್ಕಾಗಿ ವಿನೋದಾ ಅವರಿಗೆ ಎಚ್ಚರಿಕೆ ನೀಡಲಾಗಿದೆ. ನೋಟುಪುಸ್ತಕವನ್ನು ಜಪ್ತಿ ಮಾಡಿ ಕಪಾಟಿನಲ್ಲಿ ಇಡತಕ್ಕದ್ದು. ಮಳೆ ಮತ್ತೆ ಜೋರಾಗಿರುವುದರಿಂದ ಕಪಾಟಿಗೆ ಬೀಗ ಹಾಕಬಾರದು.

(ಸಹಿ)
ಕೆಳಸಹಿದಾರರು
(ಪಾಸ್‌ವರ್ಡ್ ಸಹಿತ)

ಪ್ರತಿಗಳು:
1. ಬೀಬಿ, ಬಂಟ್ವಾಳ: ಪಟಾಕಿ ಒಣಗಿಸಿ ಹಿಂದಿರುಗಿಸಲು.
2. ಡೊಂಬಯ್ಯ, ನೆರಿಯ: ಆನೆಗೆ ಓದಿ ಹೇಳಲು.
3. ವಿನೋದಾ: ತಮ್ಮ ಮೇಜನ್ನು ಕಪಾಟಿನ ಪಕ್ಕಕ್ಕೆ ಸರಿಸಿಕೊಳ್ಳಲು.