ಮಾವನ ಉಪ್ಪುನೀರಿನ ಮೀನಿಗೆ ಅಳಿಯನ ಸೇವೆ

ಮೀನು ತೊಟ್ಟಿಯ ಫಿಲ್ಟರಿನ ಸ್ಪಂಜನ್ನು ಮೂರನೇ ಸಲ ಸೋಪಿನ ಪುಡಿಯಲ್ಲಿ ಅದ್ದಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಡಿದೆ. ಹಿಂಡಿದೆ. ಇನ್ನೂ ಕಾಫಿ ಡಿಕಾಕ್ಷನ್ನಿನಂಥ ನೀರೇ ಬಂತು.

"ರೀ, ಸೋಪು ಹಾಕ್ಬಾರ್ದಂತೆ ಕಣ್ರೀ," ಅಂದಳು ಮಂಜುಳ, ನನ್ನ ಹೆಂಡತಿ.

"ಯಾರಂದ್ರು?"

"ನಮ್ಮವ್ವ."

ಅವ್ವ, ಅಂದರೆ ನನ್ನ ಅತ್ತೆ, ಹಿತ್ತಿಲ ಬಾಗಿಲ ಹಿಂದೆ ನಿಂತಿದ್ದರು. ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು. ಮದುವೆಯಾಗಿ ಐದು ತಿಂಗಳಾಗಿದ್ದರೂ ನಾನು ಅತ್ತೆಯನ್ನು ಆ ಅಂಚಿನಿಂದಲೇ ಗುರುತು ಹಿಡಿಯುತ್ತಿದ್ದೆ. ಅವರ ಮನೆತನದಲ್ಲಿ ಅತ್ತೆಯಾದವರು ಹೊಸ ಅಳಿಯನ ಎದುರು ನಿಂತು ಮಾತಾಡುವ ಹಾಗಿಲ್ಲ. ಏನೇ ಇದ್ದರೂ ಮಗಳ ಬಾಯಲ್ಲಿ ಹೇಳಿಸಬೇಕು. ಅಳಿಯನ ಪಂಚೆಗೆ ಬೆಂಕಿ ಹತ್ತಿದರೂ ಅಷ್ಟೇ!

"ಮತ್ತೆ ಕೊಳೆ ಎಂಗೆ ಹೋದದು?" ಅಂತ ಬಾಗಿಲಿಗೆ ಕೇಳುವ ಹಾಗೆ ಕೇಳಿದೆ.

ಬಾಗಿಲ ಹಿಂದೆ ಪಿಸುಪಿಸು. ಮಂಜುಳ ಒಪ್ಪಿಸಿದಳು: "ತೊಟ್ಟಿ ನೀರ್ನಲ್ಲೇ ಎರಡು ಸಲ ಅಲ್ಲಾಡ್ಸಿ ಇಕ್ಕುದ್ರೆ ಸಾಕಂತೆ. ಪೂರ್ತಿ ಕೊಳೆ ತಗೀಬಾರ್ದಂತೆ."

ನನಗೆ ನಗು ಬಂತು. ಅರ್ಧ ಕೊಳೆ ಉಳಿಸಿ ತೊಳೆಯೋದು ಯಾವೂರ ಪದ್ಧತಿ!

ನನ್ನದು ಹಾರನಹಳ್ಳಿ. ಓದಿದ್ದು ಏಳನೇ ಕ್ಲಾಸು, ಅದೂ ಎರಡು ಸಲ. ಕೆಲಸ ಪಂಪ್‌ಸೆಟ್ ರಿಪೇರಿ. ಇನ್ನೂರು ಅಡಿ ಬೋರಿನಿಂದ ಮೋಟರು ಎತ್ತಿದ ಕೈ ಇದು. ಅಂಥವನಿಗೆ ಒಂದು ಮೀನು ತೊಟ್ಟಿಯ ಫಿಲ್ಟರು ಯಾವ ಲೆಕ್ಕ?

ತೊಟ್ಟಿ ನನ್ನ ಮಾವನದು. ಅವರು ಕೆ.ಆರ್. ನಗರದಲ್ಲಿ ಒಂದು ಅಕ್ಕಿ ಮಿಲ್ಲಿನ ಲಾರಿ ಓಡಿಸುತ್ತಿದ್ದರು. ಮಂಗಳೂರು ಲೈನು. ಬೇರೆ ಡ್ರೈವರುಗಳು ಮಂಗಳೂರಿನಿಂದ ಒಣಮೀನು ತಂದರೆ ಮಾವ ಜೀವಂತ ಮೀನು ತಂದರು. ಎರಡು. ಕಿತ್ತಳೆ ಬಣ್ಣ, ಮೈಮೇಲೆ ಬಿಳಿ ಪಟ್ಟಿ. ಅವಕ್ಕೆ ನಮ್ಮ ನೀರು ಆಗುವುದಿಲ್ಲ. ಕಾವೇರಿ ಪಕ್ಕದಲ್ಲೇ ಹರಿಯುತ್ತಿದ್ದರೂ ಆ ದೊರೆಗಳಿಗೆ ಸಮುದ್ರದ ನೀರೇ ಬೇಕು! ಮಾವ ಅದನ್ನು ಕ್ಯಾನಿನಲ್ಲಿ ತುಂಬಿ ಲಾರಿಯಲ್ಲಿ ತರುತ್ತಿದ್ದರು. ತೊಟ್ಟಿ ತುಂಬಲು ಎಂಟು ಕ್ಯಾನು. ಮನೆಗೆ ಯಾರೇ ಬಂದರೂ ಮೊದಲು ಮೀನು ನೋಡಬೇಕು, ಆಮೇಲೆ ಕಾಫಿ. ಮಾವ ಅವನ್ನು ಮಕ್ಕಳೇ ಅಂತ ಕರೆಯುತ್ತಿದ್ದರು. ಮಂಜುಳನನ್ನು ಲೇ ಅಂತ ಕರೆಯುತ್ತಿದ್ದರು.

ನಾನು ಮೊದಲ ದೀಪಾವಳಿಗೆ ಬಂದ ಅಳಿಯ. ಮೂರು ದಿನದಿಂದ ಕೂರಿಸಿ ಕಜ್ಜಾಯ ತಿನ್ನಿಸುತ್ತಿದ್ದರು. ಸ್ನಾನಕ್ಕೆ ನೀರು ತೋಡಿಕೊಳ್ಳಲೂ ಬಿಡಲಿಲ್ಲ. ಕೂತು ಕೂತು ಸೊಂಟ ಹಿಡಿಯಿತು. ಅವತ್ತು ಬೆಳಿಗ್ಗೆ ಮಾವ ಹುಣಸೂರಿಗೆ ಒಂದು ನಾಮಕರಣಕ್ಕೆ ಹೊರಡುವಾಗ ಅತ್ತೆಗೆ ಹೇಳಿದರು: "ಫಿಲ್ಟರ್ ಕಟ್ಕಂಡದೆ. ನಾಳಿಕ್ಕೆ ಬುಚ್ಚಿ ತೊಳ್ಯಾನ." ನನ್ನ ಕಿವಿಗೆ ಬಿತ್ತು. ಸಂಜೆ ಬಸ್ಸಿಗೆ ಅವರು ಬರುವಷ್ಟರಲ್ಲಿ ಕೆಲಸ ಮುಗಿಸಿ, ಅಳಿಯ ಅಂದರೆ ಇಂಥವನಪ್ಪಾ ಅನ್ನಿಸಿಕೊಳ್ಳಬೇಕು ಅಂದುಕೊಂಡೆ.

ಮೊದಲು ಎರಡೂ ಮೀನನ್ನು ತೊಟ್ಟಿಯ ನೀರಿನ ಸಮೇತ ಒಂದು ಪ್ಲಾಸ್ಟಿಕ್ ಬಕೀಟಿಗೆ ಹಾಕಿದೆ. ತೊಟ್ಟಿಯ ಮೇಲೆ ಕೂತಿದ್ದ ಫಿಲ್ಟರ್ ಡಬ್ಬಿಯನ್ನು ಹಿತ್ತಿಲಿಗೆ ತಂದು ಬಿಚ್ಚಿದೆ. ಒಳಗೆ ಸ್ಪಂಜು, ಜಾಲರಿ ಚೀಲದಲ್ಲಿ ಹವಳದ ಚೂರು, ನಿಂಬೆಹಣ್ಣಿನಷ್ಟು ಮೋಟರು. ಮೋಟರಿನ ಮೈಗೆಲ್ಲ ಬಿಳೀ ಉಪ್ಪು ಕಟ್ಟಿತ್ತು. ತಾಮ್ರದ ಬಿಂದಿಗೆ ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಿದೆ. ಫಳಫಳ! ಅವತ್ತು ನಾನು ಮಾಡಿದ್ದರಲ್ಲಿ ಸರಿಯಾದದ್ದು ಅದೊಂದೇ.

ಮೋಟರಿನೊಳಗಿನ ಪುಟ್ಟ ಫ್ಯಾನನ್ನು ಎಳೆದು ಹಿತ್ತಿಲ ಜಗಲಿ ಮೇಲಿಟ್ಟೆ. ತಿರುಗಿ ನೋಡಿದರೆ ಇಲ್ಲ! ಸಂದಿಗೊಂದಿ ಹುಡುಕಿದೆ. ಅಲ್ಲೇ ಕೆದಕುತ್ತಿದ್ದ ಪಕ್ಕದ ಮನೆಯ ಕೋಳಿಯ ಮೇಲೆ ನನಗೆ ಗುಮಾನಿ ಬಂತು.

"ನಿಮ್ ಕೋಳಿ ನಮ್ ಫ್ಯಾನ್ ನುಂಗ್ಬುಟ್ಟದೆ ಕಣಮ್ಮೋ!" ಎಂದು ಬೇಲಿಯಾಚೆ ಕೂಗಿದೆ.

"ಅಳಿಯಂದ್ರಿಗೆ ಬಿಸ್ಲು ಒಡುದದೆ, ಒಂದ್ ಲೋಟ ಮಜ್ಗೆ ಕೊಡೆ ಮಂಜಿ!" ಎಂದು ಬೇಲಿಯಾಚೆಯಿಂದ ಉತ್ತರ ಬಂತು.

ಅರ್ಧ ಗಂಟೆಯಾದ ಮೇಲೆ ಅದು ಅಡುಗೆಮನೆಯಲ್ಲಿ ಸಿಕ್ಕಿತು. ಫ್ಯಾನಿನ ನಡುವೆ ಅಯಸ್ಕಾಂತ ಇರುತ್ತದೆ. ಪಕ್ಕದಲ್ಲಿದ್ದ ಈಳಿಗೆಮಣೆಯ ಕಬ್ಬಿಣಕ್ಕೆ ಹೋಗಿ ಕಚ್ಚಿಕೊಂಡಿತ್ತು. ಮಂಜುಳ ಅದರ ಸಮೇತ ಒಯ್ದು ಈರುಳ್ಳಿ ಹೆಚ್ಚಿದ್ದಳು. ಕೋಳಿಯ ಕ್ಷಮೆ ನಾನು ಕೇಳಲಿಲ್ಲ.

ಅಷ್ಟೊತ್ತಿಗೆ ಸ್ಪಂಜು ಮಲ್ಲಿಗೆ ಹೂವಾಗಿತ್ತು. ಉಳಿದದ್ದು ಹವಳದ ಚೂರು. ಅದನ್ನು ಬಚ್ಚಲ ಹಂಡೆಯ ಕುದಿಯುವ ನೀರಿಗೆ ಹಾಕಿದೆ.

"ರೀ, ಬೇಯಿಸ್ಬಾರ್ದಂತೆ!"

"ಅಂಗಂತ ಎಲ್ಲಿ ಬರ್ದದೆ? ಸುಮ್ಕಿರು ಅಂತೇಳು."

ಚೀಲ ಎರಡು ಇದ್ದ ಹಾಗೆ ನೆನಪು. ಈಗ ನೋಡಿದರೆ ಒಂದೇ. ಇರಲಿ, ಕೆಲಸ ಕಮ್ಮಿಯಾಯಿತು ಅಂದುಕೊಂಡೆ.

ಎಲ್ಲವನ್ನೂ ಜೋಡಿಸಿ, ತೊಟ್ಟಿಯ ಮೇಲಿಟ್ಟು ಸ್ವಿಚ್ಚು ಹಾಕಿದೆ. ಮೋಟರು ಗುಂಯ್ ಅಂದಿತು. ನೀರು ಮೇಲೇರಿ ಸ್ಪಂಜಿನ ಮೂಲಕ ಇಳಿಯಿತು. ನಾನು ಎದೆ ಉಬ್ಬಿಸಿ ಮಂಜುಳನ ಕಡೆ ನೋಡಿದೆ.

"ನೋಡ್ದಾ?"

"ನೋಡ್ದೆ. ಅದೇನ್ರೀ ಬೆಳ್ಳಗೆ?"

ನೊರೆ. ಮೊದಲು ಒಂದು ಗೇಣು. ಆಮೇಲೆ ಒಂದು ಮೊಳ. ನಾನು ಎಷ್ಟೇ ಹಿಂಡಿದ್ದರೂ ಸ್ಪಂಜಿನೊಳಗೆ ಅರ್ಧ ಪ್ಯಾಕೆಟ್ ಸೋಪಿನ ಪುಡಿ ಭದ್ರವಾಗಿ ಕೂತಿತ್ತು! ನೊರೆ ತೊಟ್ಟಿ ದಾಟಿ, ಟೀವಿ ಸ್ಟ್ಯಾಂಡು ದಾಟಿ, ನಮ್ಮ ಮದುವೆ ಫೋಟೋದ ತನಕ ಬಂತು. ಫೋಟೋದಲ್ಲಿ ನನ್ನ ಮುಖ ಮುಳುಗಿತು. ಸ್ವಿಚ್ಚು ಆರಿಸಬೇಕು ಅನ್ನುವುದೇ ನನಗೆ ಹೊಳೆಯಲಿಲ್ಲ. ಮೀನು ಬಿಟ್ಟರೆ ಸರಿಹೋದೀತು ಅಂತ ಯಾಕೆ ಅನ್ನಿಸಿತೋ ಕಾಣೆ, ಬಕೀಟನ್ನು ಎರಡೂ ಕೈಯಲ್ಲಿ ಎತ್ತಿ ತೊಟ್ಟಿಗೆ ಸುರಿಯಲು ಬಗ್ಗಿಸಿದೆ.

"ಬುಡೋ ಬಕೀಟ!"

ಮನೆಯೇ ನಡುಗಿತು. ಬಾಗಿಲ ಹಿಂದಿನ ಸೆರಗು ಹಾರಿ ಬಂದು ನನ್ನ ಕೈಯಿಂದ ಬಕೀಟು ಕಿತ್ತುಕೊಂಡಿತು. ಅತ್ತೆ ನನ್ನೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಅದು!

"ಬೆಳಗ್ಗಿಂದ ಮಗಳ ಬಾಯಲ್ಲಿ ಏಳ್ಸೀ ಏಳ್ಸೀ ನನ್ ಗಂಟ್ಲು ಒಣಗೋಯ್ತು. ಆ ಕೊಳೇಲಿ ಕಣ್ಣಿಗೆ ಕಾಣ್ದಿರೋ ಹುಳ ಇರ್ತವೆ ಕಣಪ್ಪ. ಮೀನಿನ ಗಲೀಜ ಅರಗ್ಸೋದೇ ಅವು. ಮೊಸರಿನ ಹೆಪ್ಪಿದ್ದಂಗೆ. ಹೆಪ್ಪಿನ ಕುಡಿಕೆಗೆ ಯಾರಾರ ಸೋಪಾಕ್ತಾರಾ? ಒಲೆ ಮೇಲೆ ಇಕ್ತಾರಾ?"

ನಾನು ನೊರೆಯಲ್ಲಿ ಮೊಣಕಾಲುದ್ದ ನಿಂತಿದ್ದೆ. ಹಾಕ್ತಾರೆ ಅಂತ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಅತ್ತೆ ಸೆರಗು ಬಿಗಿದು ಸ್ವಿಚ್ಚು ಆರಿಸಿದರು. ತೊಟ್ಟಿಯ ಸೋಪುನೀರನ್ನೆಲ್ಲ ನನ್ನ ಕೈಲಿ ಹಿತ್ತಿಲಿಗೆ ಚೆಲ್ಲಿಸಿದರು. ಮೆಟ್ಟಿಲ ಕೆಳಗೆ ಉಳಿದಿದ್ದ ಎರಡೇ ಎರಡು ಕ್ಯಾನು ಸಮುದ್ರದ ನೀರನ್ನು ಒಂದು ಪ್ಲಾಸ್ಟಿಕ್ ಟಬ್ಬಿಗೆ ಸುರಿದರು. ಮೋಟರನ್ನು ಹತ್ತು ಸಲ ತೊಳೆದು ಅದಕ್ಕಿಳಿಸಿದರು. ಕೊನೆಗೆ ಅಕ್ಕಿ ಡ್ರಮ್ಮಿನ ಹಿಂದಿನಿಂದ ಒಂದು ಪಾತ್ರೆ ತಂದರು. ಅದರಲ್ಲಿ ಹಳೇ ತೊಟ್ಟಿ ನೀರು, ನೀರಿನಲ್ಲಿ ಹವಳದ ಎರಡನೇ ಚೀಲ, ಕೊಳೆ ಸಮೇತ! ನಾನು ಕೋಳಿಯ ವಿಚಾರಣೆ ಮಾಡುತ್ತಿದ್ದಾಗ ಅವರು ಅದನ್ನು ಕದ್ದು ಕಾಪಾಡಿದ್ದರು. ಚೀಲವನ್ನೂ ಮೀನನ್ನೂ ಟಬ್ಬಿಗೆ ಬಿಟ್ಟರು. ಮೀನೆರಡೂ ತಳದಲ್ಲಿ ಒಂದಕ್ಕೊಂದು ಅಂಟಿ ನಿಂತವು. ಅಲ್ಲಾಡಲಿಲ್ಲ. ನಾವು ಮೂವರೂ ಟಬ್ಬಿನ ಸುತ್ತ ಕುಕ್ಕರುಗಾಲಲ್ಲಿ ಕೂತೆವು.

ಐದೂವರೆ ಬಸ್ಸಿಗೆ ಮಾವ ಬಂದರು. ಖಾಲಿ ತೊಟ್ಟಿ ನೋಡಿದರು. ಟಬ್ಬು ನೋಡಿದರು.

"ನಾನೇ ತೊಳ್ಯಾಕೆ ಅಂತ..." ಎಂದು ಅತ್ತೆ ಶುರು ಮಾಡಿದರು.

"ಅಲ್ಲ ಮಾವ, ನಾನು. ಸೋಪಾಕ್ದೆ," ಅಂದೆ. ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

ಮಾವ ಕಿಟಕಿಯ ಮೇಲಿದ್ದ ಸ್ಪಂಜು ಎತ್ತಿ ಮೂಸಿದರು. "ಹೊಸ್ದು ಎಲ್ಲಿ ತಂದ್ರಿ?"

"ಹಳೇದೇ ಮಾವ."

ಮಾವ ಟಬ್ಬಿನ ಪಕ್ಕ ಕೂತು ನೀರಿಗೆ ಚಿಟಿಕೆ ಮೀನಿನ ಕಾಳು ಹಾಕಿದರು. ದೊಡ್ಡ ಮೀನು ಮೇಲೆ ಬಂದು ಗುಳುಂ ಅಂತ ನುಂಗಿತು. ಹಿಂದೆಯೇ ಚಿಕ್ಕದೂ ಬಂತು. ನನ್ನ ಉಸಿರೂ ಬಂತು.

"ಅಳಿಯಂದ್ರೆ, ನಾಳೆ ಏನಾರ ಕೆಲ್ಸ ಇತ್ತಾ?"

"ಇಲ್ಲ ಮಾವ."

"ಲಾರಿ ಮಂಗ್ಳೂರಿಗೆ ಹೊಂಟದೆ. ಬನ್ನಿ, ಸಮುದ್ರ ನೋಡೀರಂತೆ."

ಎಷ್ಟು ದೊಡ್ಡ ಮನಸ್ಸು ಅಂದುಕೊಂಡೆ! ಹಬ್ಬದ ಬಿಳಿ ಪಂಚೆ ಉಟ್ಟು ಲಾರಿ ಹತ್ತಿದೆ. ಹಿಂದೆ ಖಾಲಿ ಕ್ಯಾನುಗಳು ಗಡಗಡ ಅನ್ನುತ್ತಿದ್ದವು. ಯಾಕೆ ಅಂತ ಕೇಳಲಿಲ್ಲ.

ಸೊಂಟದುದ್ದ ನೀರಿಗಿಳಿದು ಎಂಟು ಕ್ಯಾನು ತುಂಬಿ, ಕಾದ ಮರಳಿನ ಮೇಲೆ ಒಂದೊಂದಾಗಿ ಹೊತ್ತೆ. ಮಾವ ಲಾರಿಯ ನೆರಳಲ್ಲಿ ಎಳನೀರು ಕುಡಿಯುತ್ತಾ, "ಅಲ್ಲಿ ಕದಡ್ಕಂಡದೆ, ಇನ್ನೂ ಒಳೀಕೋಗಿ, ತಿಳಿನೀರು ತುಂಬಿ," ಅನ್ನುತ್ತಿದ್ದರು. ನಾನು ಸಮುದ್ರ ಕಂಡದ್ದು ಅದೇ ಮೊದಲು. ಜನ ಸಮುದ್ರ ನೋಡಲು ಹೋಗುತ್ತಾರೆ. ನಾನು ಹೊತ್ತು ತರಲು ಹೋದೆ.

ಮೀನು ಚೆನ್ನಾಗಿವೆ. ನನ್ನ ಭುಜ ಅಷ್ಟು ಚೆನ್ನಾಗಿಲ್ಲ. ಇಷ್ಟೇ. ಇದಕ್ಕಿಂತ ಹೆಚ್ಚಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.